ಡ್ರಮ್ಸ್ ಬಾರಿಸುವವನ ಕಣ್ಣಲ್ಲಿ ಮೂರು ಲೈವ್ ವಿಡಿಯೋಗಳು

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹನ್ನೆರಡು ವರ್ಷದಿಂದ ಡ್ರಮ್ಸ್ ಬಾರಿಸುತ್ತಿದ್ದೇನೆ. ಹಾಗಾಗಿ ಯಾವ ಲೈವ್ ವಿಡಿಯೋ ಹಾಕಿದರೂ ನನ್ನ ಕಣ್ಣು ಮೊದಲು ಹೋಗುವುದು ಹಿಂದೆ ಕೂತವನ ಕಡೆಗೇ. ರಾಕ್ ಬ್ಯಾಂಡ್‌ಗಳ ಲೈವ್‌ನಲ್ಲಿ ಯಾವುದು ಮೇಲು ಅಂತ ನಮ್ಮ ತಂಡದಲ್ಲಿ ಯಾವಾಗಲೂ ವಾದ. ಕೊನೆಗೆ ನಮ್ಮೆಲ್ಲರ ಬಾಯಲ್ಲಿ ಬರುವ ಮೂರನ್ನು ಒಂದೇ ಹೆಡ್‌ಫೋನ್‌ನಲ್ಲಿ, ದಿನಕ್ಕೊಂದರಂತೆ, ನಡುವೆ ಎಲ್ಲೂ ನಿಲ್ಲಿಸದೆ ನೋಡಿದೆ. ಆಮೇಲೆ ತಂಡದವರ ಜೊತೆ ಟೀವಿಯಲ್ಲಿ ಇನ್ನೊಂದು ಸಲ.

ಮೊದಲು ಕ್ವೀನ್. 1985ರ ಜುಲೈ 13, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ. ಇಥಿಯೋಪಿಯಾದ ಬರಗಾಲಕ್ಕೆ ದುಡ್ಡು ಕೂಡಿಸಲು ನಡೆದ ಲೈವ್ ಏಡ್. ಸುಮಾರು 72,000 ಜನ. ಬಂದವರೆಲ್ಲ ಕ್ವೀನ್‌ಗಾಗಿಯೇ ಬಂದವರಲ್ಲ. ಇನ್ನೂ ಹಗಲ ಬೆಳಕು, ಲೈಟಿಂಗ್‌ನ ಆಸರೆಯೂ ಇಲ್ಲ. ಆದರೂ ಬಿಳಿ ಬನಿಯನ್ ಹಾಕಿದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಸುಮಾರು 21 ನಿಮಿಷ ಅಷ್ಟೂ ಜನರನ್ನು ಹಿಡಿದಿಟ್ಟ. 'ರೇಡಿಯೋ ಗಾ ಗಾ' ಹಾಡಿಗೆ ಇಡೀ ಮೈದಾನ ಕೈ ಎತ್ತಿ ಜೋಡಿ ಚಪ್ಪಾಳೆ ಹೊಡೆಯುವುದನ್ನು ನೋಡಿ. ಇದು ಎಷ್ಟು ಕಷ್ಟ ಅಂತ ಸ್ಟೇಜ್ ಹತ್ತಿದವರಿಗೆ ಗೊತ್ತು. ಶಬ್ದ ನೂರು ಮೀಟರ್ ದಾಟಲು ಹತ್ತಿರ ಹತ್ತಿರ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹಿಂದಿನ ಸಾಲಿನವರ ಚಪ್ಪಾಳೆ ತಡವಾಗಿಯೇ ಬೀಳಬೇಕು. ಆದರೂ ಇಲ್ಲಿ ತಾಳ ಕುಲುಕುವುದಿಲ್ಲ. ನನ್ನ ಬೇಸರ ಒಂದೇ. ಆ ತಾಳ ಹಿಡಿದ ರೋಜರ್ ಟೇಲರ್ ಮೇಲೆ ಕ್ಯಾಮೆರಾ ನಿಲ್ಲುವುದು ಬಹಳ ಕಡಿಮೆ. ಇದು ಗುಂಪಿನಲ್ಲಿ ಕೂತು ನೋಡುವ ವಿಡಿಯೋ. ಟೀವಿಯಲ್ಲಿ ಹಾಕಿದಾಗ ನಮ್ಮ ಕೀಬೋರ್ಡ್ ಹುಡುಗ ಎದ್ದೇ ನಿಂತ.

ಎರಡನೆಯದು ನಿರ್ವಾಣ, ಎಂಟೀವಿ ಅನ್‌ಪ್ಲಗ್ಡ್. ಬ್ಯಾಂಡ್‌ಗಳು ಅಬ್ಬರ ಬಿಟ್ಟು ಅಕೌಸ್ಟಿಕ್ ವಾದ್ಯಗಳಲ್ಲಿ ಹಾಡುವ ಟೀವಿ ಕಾರ್ಯಕ್ರಮ ಅದು. 1993ರ ನವೆಂಬರ್ 18ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು. ಲಿಲ್ಲಿ ಹೂ, ಮೇಣದ ಬತ್ತಿ, ಗಾಯಕ ಕರ್ಟ್ ಕೊಬೇನ್ ಮೈಮೇಲೆ ಹಳೇ ಸ್ವೆಟರ್. ಎಲ್ಲರೂ ಕಾಯುತ್ತಿದ್ದ ಅವರ ದೊಡ್ಡ ಹಿಟ್ ಹಾಡನ್ನು ಬಾರಿಸಲೇ ಇಲ್ಲ. ಹದಿನಾಲ್ಕರಲ್ಲಿ ಆರು ಹಾಡು ಬೇರೆಯವರದ್ದು. ಡ್ರಮ್ಸ್ ಮುರಿಯುವ ಹಾಗೆ ಬಾರಿಸುವ ಡೇವ್ ಗ್ರೋಲ್ ಇಲ್ಲಿ ಬ್ರಷ್, ಅಂದರೆ ಮೆಲ್ಲಗೆ ಬಾರಿಸಲು ಬಳಸುವ ಎಳೆಗಳ ಕಟ್ಟು, ಹಿಡಿದು ಕೂತಿದ್ದಾನೆ. ಇದನ್ನು ನೋಡಿಯೇ ನಾನು ಮದುವೆ ಛತ್ರಗಳಿಗೆ ಬ್ರಷ್ ಒಯ್ಯಲು ಶುರು ಮಾಡಿದೆ. 'ಸೌಂಡ್ ಜಾಸ್ತಿ ಆಯ್ತು' ಅಂತ ಯಾರೂ ಹತ್ತಿರ ಬರಲಿಲ್ಲ, ಹಾಡೂ ಸೊರಗಲಿಲ್ಲ. ಮೆಲ್ಲಗೆ ಬಾರಿಸುವುದಕ್ಕೆ ಜಾಸ್ತಿ ಶಕ್ತಿ ಬೇಕು ಅನ್ನುವುದು ಆಮೇಲೆ ಮಣಿಕಟ್ಟು ನೋಯುವಾಗ ತಿಳಿಯಿತು.

ಕೊನೆಯ ಹಾಡಿನ ಕೊನೆಯ ಸಾಲಿನಲ್ಲಿ ಕೊಬೇನ್ ಒಮ್ಮೆ ತಡೆದು, ಕಣ್ಣು ತೆರೆದು ಉಸಿರು ಎಳೆದುಕೊಳ್ಳುತ್ತಾನೆ. ಐದು ತಿಂಗಳೂ ಆಗಲಿಲ್ಲ, ಹೋಗಿಬಿಟ್ಟ. ಇಪ್ಪತ್ತೇಳು ವರ್ಷ. ಹೆಡ್‌ಫೋನ್‌ನಲ್ಲಿ ಆ ಉಸಿರು ಕೇಳಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಇದನ್ನು ನಾಲ್ಕು ಜನರ ನಡುವೆ ನೋಡಬೇಡಿ. ನಾವು ನೋಡಿದೆವು, ಯಾರೋ ಮಾತಾಡಿದರು, ಎಲ್ಲ ಕೆಟ್ಟಿತು.

ಮೂರನೆಯದು ಪಿಂಕ್ ಫ್ಲಾಯ್ಡ್, ಪೊಂಪೆಯಲ್ಲಿ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಊರು ಅದು. ಅಲ್ಲಿನ ಹಳೇ ರೋಮನ್ ಕ್ರೀಡಾಂಗಣದಲ್ಲಿ 1971ರ ಅಕ್ಟೋಬರ್‌ನಲ್ಲಿ ಏಡ್ರಿಯನ್ ಮೇಬನ್ ಚಿತ್ರೀಕರಿಸಿದ್ದು. ಪ್ರೇಕ್ಷಕರು ಇಲ್ಲ. ಕರೆಂಟಿಗೆ ಊರೊಳಗಿಂದ ಕೇಬಲ್ ಎಳೆಯಬೇಕಾಯಿತು, ಅದಕ್ಕೇ ದಿನಗಳು ಹೋದವು. ಎದುರಿಗೆ ಬರೀ ಕಲ್ಲು, ಮಣ್ಣು, ಬಿಸಿಲು. ಚಪ್ಪಾಳೆಯ ಹುರುಪೇ ಇಲ್ಲದೆ ಬಾರಿಸುವುದು ಹೇಗೆ ಅಂತ ಮೊದಲು ನನಗೂ ಅನಿಸಿತ್ತು. ಈ ವಿಡಿಯೋದ ಕೆಲವು ಹಾಡು ಆಮೇಲೆ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ತೆಗೆದಿದ್ದು, ಅದು ಸ್ವಲ್ಪ ರಸ ಕೆಡಿಸುತ್ತದೆ. ಹೊಸಬರಿಗೆ ನಿಧಾನ ಅನಿಸಬಹುದು, ನಿಜ.

ಆದರೆ 'ಒನ್ ಆಫ್ ದೀಸ್ ಡೇಸ್' ಬರಲಿ. ಉಳಿದವರನ್ನು ತೆಗೆದ ರೀಲುಗಳು ಕಳೆದುಹೋದವಂತೆ. ಅದಕ್ಕೇ ಹೆಚ್ಚಿನ ಹೊತ್ತು ತೆರೆಯ ಮೇಲೆ ಡ್ರಮ್ಸ್‌ನ ನಿಕ್ ಮೇಸನ್ ಒಬ್ಬನೇ. ತೋಳು, ಭುಜ, ಕೆದರಿದ ಕೂದಲು, ಬೆವರು. ಜೋರು ಬಾರಿಸುವಾಗ ಕೈಯಿಂದ ಒಂದು ಸ್ಟಿಕ್ ಹಾರಿಹೋಗುತ್ತದೆ. ಮುಖದಲ್ಲಿ ಗಾಬರಿ ಇಲ್ಲ. ಇನ್ನೊಂದು ಕೈ ಬಾರಿಸುತ್ತಲೇ ಇದೆ. ಖಾಲಿ ಕೈ ಬೇರೆ ಸ್ಟಿಕ್ ಎತ್ತಿಕೊಂಡು ಮತ್ತೆ ತಾಳಕ್ಕೆ ಇಳಿಯುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಆಮೇಲೆ ಆ ಜಾಗವನ್ನು ಎಷ್ಟು ಸಲ ಹಿಂದಕ್ಕೆ ಎಳೆದು ನೋಡಿದೆನೋ ಲೆಕ್ಕವಿಲ್ಲ. ನೋಡುವವರು 2025ರಲ್ಲಿ ಬಂದ, ಚಿತ್ರವನ್ನೂ ಸದ್ದನ್ನೂ ಹೊಸದಾಗಿ ಶುದ್ಧ ಮಾಡಿದ ಆವೃತ್ತಿಯನ್ನೇ ನೋಡಿ.

ತಂಡದ ಓಟು ಕ್ವೀನ್‌ಗೆ ಬಿತ್ತು. ಜನರನ್ನು ಕುಣಿಸುವ ಕೆಲಸ ನಮ್ಮದು, ಅವರು ಹೇಳುವುದು ತಪ್ಪಲ್ಲ. ನನ್ನ ಓಟು ಮಾತ್ರ ಪೊಂಪೆಗೆ. ಈ ಸಲದ ಹಬ್ಬಕ್ಕೆ ಫ್ಲೋರ್ ಟಾಮ್‌ಗೆ, ಅಂದರೆ ಪಕ್ಕದಲ್ಲಿ ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್‌ಗೆ, ಸ್ಟಿಕ್ ಚೀಲ ಕಟ್ಟಿದ್ದೇನೆ, ನೋಡದೆ ಕೈ ಹಾಕಿದರೂ ಬಲಗೈಗೆ ಸಿಗುವ ಹಾಗೆ.