ಇ-ಸ್ಪ್ಯಾನ್ 140: ಸಣ್ಣ ಉಕ್ಕಿನ ಸೇತುವೆಗೆ ಉಚಿತ ಡಿಸೈನ್ ಟೂಲ್

ಹದಿನೆಂಟು ಮೀಟರಿನ ಸೇತುವೆಗೆ ಕಾಂಕ್ರೀಟೇ ಅಗ್ಗ ಎಂದು ಲೆಕ್ಕ ಹಾಕದೆಯೇ ತೀರ್ಮಾನಿಸುವುದು ರೂಢಿಯಾಗಿಬಿಟ್ಟಿದೆ. ಉಕ್ಕಿನ ಕಡೆಯ ಮೊದಲ ಲೆಕ್ಕವನ್ನು ಕೆಲವೇ ನಿಮಿಷದಲ್ಲಿ ಮುಂದಿಡುವ ವೆಬ್ ಟೂಲ್ ಇ-ಸ್ಪ್ಯಾನ್ 140. ಅಮೆರಿಕದ ಶಾರ್ಟ್ ಸ್ಪ್ಯಾನ್ ಸ್ಟೀಲ್ ಬ್ರಿಜ್ ಅಲಯನ್ಸ್ ಇದನ್ನು ಉಚಿತವಾಗಿ ಕೊಡುತ್ತಿದೆ. ಹೆಸರಿನಲ್ಲಿರುವ 140 ಎಂದರೆ ಅಡಿ, ಅಂದರೆ 42.7 ಮೀಟರ್, ಅಲ್ಲಿಯವರೆಗಿನ ಒಂಟಿ ಸ್ಪ್ಯಾನ್ (ನಡುವೆ ಕಂಬವಿಲ್ಲದ ಒಂದೇ ಹರವು) ಸೇತುವೆಗಳಿಗಷ್ಟೇ ಇದರ ಕೆಲಸ.

ಸ್ಪ್ಯಾನ್, ರಸ್ತೆಯ ಅಗಲ, ಸ್ಕ್ಯೂ ಕೋನ (ಸೇತುವೆ ಎಷ್ಟು ಓರೆಯಾಗಿ ದಾಟುತ್ತದೆ ಎಂಬುದು), ವಾಹನ ಸಂಖ್ಯೆ ತುಂಬಿದರೆ, ಕಾರ್ಖಾನೆಯಿಂದ ಇಡಿಯಾಗಿ ಬರುವ ರೋಲ್ಡ್ ಬೀಮ್, ಪ್ಲೇಟು ಬೆಸೆದು ಮಾಡುವ ಪ್ಲೇಟ್ ಗರ್ಡರ್ ಇವುಗಳ ಸೆಕ್ಷನ್ ಅಳತೆ ಸ್ಪ್ಯಾನಿಗೆ ತಕ್ಕಂತೆ ಬರುತ್ತದೆ. ಸ್ಪ್ಯಾನ್ ಚಿಕ್ಕದಿದ್ದರೆ ಸುಕ್ಕುತಗಡಿನ ಮೋರಿಯನ್ನೂ ತೋರಿಸುತ್ತದೆ. ನಮಗೆ ಬಹಳ ಹಿಡಿಸಿದ್ದು ರೋಲ್ಡ್ ಬೀಮಿನಲ್ಲಿ ಎರಡು ದಾರಿ ಇಟ್ಟಿರುವುದು: ತೂಕ ಕಡಿಮೆ ಇರುವುದು ಒಂದು, ಆಳ ಕಡಿಮೆ ಇರುವುದು ಇನ್ನೊಂದು. ನೆರೆಮಟ್ಟಕ್ಕೂ ಗರ್ಡರಿನ ತಳಕ್ಕೂ ನಡುವೆ ಜಾಗ ಸಾಲದಿದ್ದಾಗ ಎರಡನೆಯದೇ ಕೈಹಿಡಿಯುತ್ತದೆ. ಉಕ್ಕು ತುಸು ಹೆಚ್ಚು ಹೋದರೂ ಎರಡೂ ಬದಿಯ ಅಪ್ರೋಚ್ ರಸ್ತೆ ಏರಿಸುವ ಮಣ್ಣಿನ ಕೆಲಸ ಉಳಿಯುತ್ತದೆ.

ಆದರೆ ತೂಕವೇ ವೆಚ್ಚವಲ್ಲ ಎಂಬುದನ್ನು ಬಳಸುವವರೇ ನೆನಪಿಡಬೇಕು. 60 ಅಡಿ ಸ್ಪ್ಯಾನ್, 32 ಅಡಿ ರಸ್ತೆ ಎಂದಿಟ್ಟುಕೊಳ್ಳಿ. 7.5 ಅಡಿಗೊಂದರಂತೆ ಐದು ಗರ್ಡರ್ ಇಡಬಹುದು, 9 ಅಡಿಗೊಂದರಂತೆ ನಾಲ್ಕೂ ಸಾಕು. ನಾಲ್ಕಾದರೆ ಬೇರಿಂಗ್ (ಗರ್ಡರಿನ ತುದಿ ಕೂರುವ ಆಧಾರ) ಹತ್ತರ ಬದಲು ಎಂಟು, ಪ್ರತಿ ಸಾಲಿಗೆ ಡಯಾಫ್ರಮ್ (ಗರ್ಡರುಗಳನ್ನು ಅಡ್ಡಕ್ಕೆ ಜೋಡಿಸುವ ತುಂಡು) ನಾಲ್ಕರ ಬದಲು ಮೂರು. ಬೋಲ್ಟು, ಬಣ್ಣ, ಕ್ರೇನ್ ಎತ್ತುವ ಸರದಿ ಎಲ್ಲವೂ ತಗ್ಗುತ್ತವೆ. ಹೊರಬದಿಯ ಡೆಕ್ (ರಸ್ತೆಯ ಹಾಸು) ಮಾತ್ರ ಅಂಚಿನ ತಡೆಗೋಡೆಯ ಅಗಲವೂ ಸೇರಿ ಸುಮಾರು 4 ಅಡಿ ಚಾಚುವುದರಿಂದ, ಕಾಂಕ್ರೀಟ್ ಹಾಕುವಾಗ ಅಚ್ಚು ಹೊರುವ ಬ್ರಾಕೆಟ್ಟಿನ ಭಾರಕ್ಕೆ ಅಂಚಿನ ಗರ್ಡರ್ ತಿರುಚಿಕೊಳ್ಳುತ್ತದೆ. ಆ ಹಂತಕ್ಕೆ ತಾತ್ಕಾಲಿಕ ಬ್ರೇಸಿಂಗ್ ಲೆಕ್ಕ ಬೇರೆಯೇ ಮಾಡಬೇಕು.

ಪ್ಲೇಟ್ ಗರ್ಡರಿನಲ್ಲಿ ಹಣ ಪೋಲಾಗುವುದು ವೆಲ್ಡಿಂಗಿನಲ್ಲಿ. ಉಕ್ಕು ಉಳಿಸಲೆಂದು ತೆಳು ವೆಬ್ (ಗರ್ಡರಿನ ನಡುವಿನ ನಿಂತ ಪ್ಲೇಟು) ಹಾಕಿ, ಅದು ಬಾಗದಂತೆ ಸಾಲುಸಾಲು ಸ್ಟಿಫ್ನರ್ ಪಟ್ಟಿ ಬೆಸೆಯುವುದಕ್ಕಿಂತ ವೆಬ್ ಅನ್ನೇ ಒಂದೆರಡು ಮಿಲಿಮೀಟರ್ ದಪ್ಪ ಮಾಡುವುದು ವಾಸಿ. ಇಷ್ಟು ಸಣ್ಣ ಸ್ಪ್ಯಾನಿನಲ್ಲಿ ಫ್ಲ್ಯಾಂಜಿನ (ಮೇಲಿನ, ಕೆಳಗಿನ ಅಡ್ಡ ಪ್ಲೇಟು) ದಪ್ಪವನ್ನು ನಡುವೆ ಬದಲಿಸಿದರೆ ತುದಿಗೆ ತುದಿ ಬೆಸೆಯುವ ಬಟ್ ವೆಲ್ಡ್ ಮತ್ತು ಅದರ ಪರೀಕ್ಷೆಯ ಖರ್ಚೂ ಗಿಟ್ಟುವುದಿಲ್ಲ. ವರದಿ ಕೈಗೆ ಬಂದ ಮೇಲೆ ಫ್ಯಾಬ್ರಿಕೇಟರ್ ಜತೆ ಕೂತು, ಯಾವ ಪ್ಲೇಟು ಸ್ಟಾಕಿನಲ್ಲಿದೆ ಎಂದು ನೋಡಿ ತಿದ್ದಿಕೊಳ್ಳಬೇಕು.

ಟೂಲಿನ ಮಿತಿಗಳೂ ಗಟ್ಟಿಯಾಗಿಯೇ ಇವೆ. ಸ್ಕ್ಯೂ 20 ಡಿಗ್ರಿ ದಾಟಿದರೆ, ತಿರುವು ಇದ್ದರೆ ಇದು ಬೇಡ. ಅಬಟ್ಮೆಂಟ್ (ದಡದ ಆಧಾರಗೋಡೆ), ಪಾಯ, ತಳ ಕೊರೆತದ ಲೆಕ್ಕ ಇದರಲ್ಲಿಲ್ಲ. ಸಣ್ಣ ಸೇತುವೆಗೆ ಬಹುಪಾಲು ಅಪಾಯ ಬರುವುದೇ ಅಲ್ಲಿಂದ. ಬಂದದ್ದು ಪ್ರಾಥಮಿಕ ವಿನ್ಯಾಸ, ಸಹಿ ಹಾಕುವ ಎಂಜಿನಿಯರ್ ಮತ್ತೆ ಪರಿಶೀಲಿಸಲೇಬೇಕು.

ಕರ್ನಾಟಕದಲ್ಲಿ ಬಳಸುವವರು ಇದನ್ನು ಅಂದಾಜಿಗಷ್ಟೇ ಇಟ್ಟುಕೊಳ್ಳಲಿ. ಇದರ ಹಿಂದಿರುವುದು ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘ ಆಶ್ಟೋ ನಿಗದಿಪಡಿಸಿದ ವಾಹನ ಭಾರ, ಎಚ್‌ಎಲ್-93 ಭಾರ. ನಮ್ಮದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ ಐಆರ್‌ಸಿ 6ರ 70ಆರ್, ಚಕ್ರದ ವಾಹನವೇ 100 ಟನ್. ಆ ಭಾರದ ಮೇಲೆ ಐಆರ್‌ಸಿ 22 ಮತ್ತು 24ರಂತೆ ಮೊದಲಿನಿಂದ ಲೆಕ್ಕ ಹಾಕಬೇಕು. ಉಕ್ಕಿನ ಬಲದಲ್ಲಿ ದೊಡ್ಡ ಅಂತರವಿಲ್ಲ: ಅಲ್ಲಿನ ಗ್ರೇಡ್ 50 ಎಂದರೆ 345 ಮೆಗಾಪ್ಯಾಸ್ಕಲ್, ಇಲ್ಲಿನ ಇ350 ಉಕ್ಕಿಗೆ ಹತ್ತಿರ. ಸೆಕ್ಷನ್ ಹೆಸರುಗಳು ಮಾತ್ರ ಹೊಂದುವುದಿಲ್ಲ. ನಮ್ಮ ರೋಲ್ಡ್ ಬೀಮ್ ಸರಣಿ ಐಎಸ್‌ಎಂಬಿ 600 ಮಿಲಿಮೀಟರ್ ಆಳಕ್ಕೇ ನಿಲ್ಲುವುದರಿಂದ ಇನ್ನೂ ಆಳದ ಪ್ಯಾರಲಲ್ ಫ್ಲ್ಯಾಂಜ್ ಬೀಮಿಗೋ ಪ್ಲೇಟ್ ಗರ್ಡರಿಗೋ ಹೋಗಬೇಕಾಗುತ್ತದೆ.

ತುಕ್ಕಿನ ವಿಚಾರಕ್ಕಂತೂ ಅಮೆರಿಕದ ರೂಢಿಯನ್ನು ಕಣ್ಣುಮುಚ್ಚಿ ತರಬಾರದು. ಬಣ್ಣವಿಲ್ಲದೆ ತನ್ನ ತುಕ್ಕಿನ ಪದರವೇ ಕಾಯುವ ವೆದರಿಂಗ್ ಸ್ಟೀಲಿಗೆ ಒದ್ದೆ, ಒಣಗು ಎರಡೂ ಸರದಿಯಂತೆ ಬೇಕು. ಆಗಲೇ ರಕ್ಷಣೆಯ ಪದರ ಕೂರುವುದು. ಮಳೆಗಾಲವಿಡೀ ಒದ್ದೆಯಾಗಿಯೇ ಇರುವ ಮಲೆನಾಡಿನ ಹಳ್ಳಗಳ ಮೇಲೆ, ಉಪ್ಪುಗಾಳಿಯ ಕರಾವಳಿಯಲ್ಲಿ ಆ ಪದರ ನಿಲ್ಲದೆ ತುಕ್ಕು ಉಕ್ಕನ್ನು ತಿನ್ನುತ್ತಲೇ ಹೋಗುತ್ತದೆ. ಅಲ್ಲಿ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಮುಳುಗಿಸಿ ಲೇಪಿಸುವುದು) ಒಳ್ಳೆಯದು. ಆರ್ಡರಿಗೆ ಮೊದಲು ಸತುವಿನ ತೊಟ್ಟಿಯ ಉದ್ದ ಕೇಳಿಕೊಳ್ಳಿ: 18 ಮೀಟರ್ ಗರ್ಡರ್ ಅದರಲ್ಲಿ ಮುಳುಗದಿದ್ದರೆ ಎರಡು ತುಂಡನ್ನು ಜೋಡಿಸುವ ಬೋಲ್ಟ್ ಸ್ಪ್ಲೈಸನ್ನು ಡ್ರಾಯಿಂಗಿನಲ್ಲೇ ಸೇರಿಸಬೇಕಾಗುತ್ತದೆ.