ಅತ್ತೆ-ಮಾವನಿಗೆ ಮಿನಿವ್ಯಾನ್, ಅಪ್ಪ-ಅಮ್ಮನಿಗೆ ಆರ್‌ವಿ: ಒಂದೇ ಮರುಭೂಮಿ, ಎರಡು ಸುತ್ತು

ಒಂದೇ ದಾರಿಯನ್ನು ಎರಡು ಸಲ ಸುತ್ತಿದ ಮನೆ ನಮ್ಮದು. ಅಮೆರಿಕದ ಲಾಸ್ ವೇಗಸ್‌ನಿಂದ ಹೊರಟು ಝಯಾನ್, ಬ್ರೈಸ್ ಕ್ಯಾನ್ಯನ್ ಎಂಬ ರಾಷ್ಟ್ರೀಯ ಉದ್ಯಾನಗಳು, ಪೇಜ್ ಎಂಬ ಊರು, ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನ್ಯನ್ ನೋಡಿಕೊಂಡು ಮತ್ತೆ ವೇಗಸ್‌ಗೆ. ಅಲ್ಲಿ ಇಲ್ಲಿ ಸುತ್ತಾಡಿದ್ದೂ ಸೇರಿ ಹತ್ತಿರ ಹತ್ತಿರ 1,100 ಮೈಲಿ, 6 ರಾತ್ರಿ. 2023ರ ಏಪ್ರಿಲ್‌ನಲ್ಲಿ ತುಮಕೂರಿನಿಂದ ಬಂದಿದ್ದ ಅತ್ತೆ-ಮಾವನ ಜೊತೆ ಮಿನಿವ್ಯಾನ್‌ನಲ್ಲಿ ಹೋದೆವು, ಮೋಟೆಲ್‌ಗಳಲ್ಲಿ ತಂಗಿದೆವು. 2024ರ ಜೂನ್‌ನಲ್ಲಿ ಸಾಗರದಿಂದ ಬಂದಿದ್ದ ನನ್ನ ಅಪ್ಪ-ಅಮ್ಮನ ಜೊತೆ 28 ಅಡಿ ಉದ್ದದ ಬಾಡಿಗೆ ಆರ್‌ವಿಯಲ್ಲಿ ಹೋದೆವು. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಎರಡು ಸಲವೂ ನಾವು ಆರು ಜನ: ಇಬ್ಬರು ಹಿರಿಯರು, ನಾವಿಬ್ಬರು, ಇಬ್ಬರು ಮಕ್ಕಳು.

ಊರಿನಿಂದ ಯಾರ ಮನೆಗೆ ಅಪ್ಪ-ಅಮ್ಮ ಬಂದರೂ ನಮಗೆ ಫೋನ್ ಬರುತ್ತದೆ. "ಯಾವುದು ಒಳ್ಳೇದು, ಹೇಳಿ." ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆರ್‌ವಿ ಅಂದರೆ ಅಗ್ಗ ಅನ್ನುವವರು ಲೆಕ್ಕ ಬರೆದಿಟ್ಟಿರುವುದಿಲ್ಲ. ಮಿನಿವ್ಯಾನ್ ಬಾಡಿಗೆ, ದಿನಾ ಎರಡು ರೂಮು, ಪೆಟ್ರೋಲು ಸೇರಿ ನಮಗೆ ಸುಮಾರು 2,800 ಡಾಲರ್ ಆಯಿತು. ಆರ್‌ವಿಗೆ 3,200 ದಾಟಿತು. ಬಾಡಿಗೆಯ ಮೇಲೆ ಮೈಲಿ ಲೆಕ್ಕದ ದುಡ್ಡು ಬೇರೆ. ಗ್ಯಾಲನ್‌ಗೆ 9 ಮೈಲಿ ಕೊಡುವ ಗಾಡಿಗೆ ಪೆಟ್ರೋಲೇ 500 ಡಾಲರ್ ಕುಡಿಸಿದೆವು. ಆದರೆ ಮೊದಲ ಸಲ ಹೊರಗೆ ತಿಂದ ಪಿಜ್ಜಾ, ಬರಿಟೊಗಳ ಬಿಲ್ಲನ್ನೂ ಸೇರಿಸಿದರೆ ಎರಡೂ ಸಮ ಸಮ. ದುಡ್ಡು ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ಊಟದಿಂದ ಮಾಡಬಹುದಾ? ಮಿನಿವ್ಯಾನ್ ಪ್ರವಾಸಕ್ಕೆ ಒಂದು ಸಣ್ಣ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ತೆಳು ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆ. ಝಯಾನ್ ಪಕ್ಕದ ಸ್ಪ್ರಿಂಗ್‌ಡೇಲ್‌ನಲ್ಲಿ ಅನ್ನ ಚೆನ್ನಾಗಿಯೇ ಆಯಿತು. ಮಾರನೇ ದಿನ ಬ್ರೈಸ್‌ಗೆ ಹೋದೆವು. ಏಪ್ರಿಲ್ ಬಂದರೂ ಅಲ್ಲಿ ಹಿಮ ಕರಗಿರಲಿಲ್ಲ. ಅದೇ ಅಕ್ಕಿ, ಅದೇ ಅಳತೆ ನೀರು, ಅದೇ ಕುಕ್ಕರ್. ಅನ್ನ ಮಾತ್ರ ಹಲ್ಲಿಗೆ ಕಚ್ಚುತ್ತಿತ್ತು. "ಅಕ್ಕಿ ಬದಲಾಯಿಸಿದೆಯೇನಮ್ಮ?" ಅಂದರು ಅತ್ತೆ. ಅಕ್ಕಿಯಲ್ಲ, ಎತ್ತರ ಬದಲಾಗಿತ್ತು. ಬ್ರೈಸ್ ಸುಮಾರು 8,000 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯೇ 6,330 ಅಡಿ. ಬ್ರೈಸ್‌ನಷ್ಟು ಮೇಲೆ ನೀರು 92 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಾ ಇರುತ್ತದೆ, ಬಿಸಿ ಸಾಲದು. ಅವತ್ತು ರಾತ್ರಿ ಗೊಜ್ಜವಲಕ್ಕಿ ಕಾಪಾಡಿತು. ಅದಕ್ಕೆ ಒಲೆಯೇ ಬೇಡವಲ್ಲ.

ಆ ಪಾಠ ನೆನಪಿಟ್ಟುಕೊಂಡು ಎರಡನೇ ಸಲ ಪ್ರೆಶರ್ ಕುಕ್ಕರ್ ಹೊತ್ತುಕೊಂಡು ಹೋದೆ. ಕುಕ್ಕರ್‌ಗೆ ಬೆಟ್ಟದ ಹಂಗಿಲ್ಲ, ಒಳಗೆ ಒತ್ತಡ ಕಟ್ಟಿಕೊಂಡು ಬೇಯಿಸಿಬಿಡುತ್ತದೆ. ಬ್ರೈಸ್‌ನ ಪೈನ್ ಮರಗಳ ನಡುವೆ ನಮ್ಮ ಕುಕ್ಕರ್ ಮೂರು ಸಲ ಕೂಗಿತು. ಪಕ್ಕದ ಟೆಂಟಿನಿಂದ ಒಬ್ಬರು ಎದ್ದು ನಿಂತು ಸುತ್ತ ನೋಡಿದರು. ತೊಗರಿಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು.

ಹಾಗಂತ ಆರ್‌ವಿ ಅಡುಗೆಮನೆ ಗೆದ್ದಿತು ಅಂತ ಬರೆಯುವ ಹಾಗೂ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಅಮ್ಮನ ಕಣ್ಣಿಗೆ ಬಿದ್ದದ್ದು ಒಂದೇ: ಒಲೆಗೂ ಕಕ್ಕಸಿಗೂ ನಡುವೆ ಇರುವುದು ಒಂದು ತೆಳು ಬಾಗಿಲು. "ಇದರ ಪಕ್ಕ ನಿಂತ್ಕೊಂಡು ಒಗ್ಗರಣೆ ಹಾಕ್ಬೇಕಾ?" ಎರಡನೇ ದಿನದಿಂದ ಅಡುಗೆ ಹೊರಗೇ ನಡೆಯಿತು. ಕ್ಯಾಂಪಿನ ಮರದ ಮೇಜಿನ ಮೇಲೆ ಸಣ್ಣ ಗ್ಯಾಸ್ ಒಲೆ ಇಟ್ಟುಕೊಂಡು. ಆ ಒಲೆ ಮಿನಿವ್ಯಾನ್‌ನಲ್ಲೂ ಹಿಡಿಯುತ್ತಿತ್ತು ಅನ್ನುವುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ. ಫ್ರಿಜ್‌ದೂ ಒಂದು ತಕರಾರು. ಅದು ಗ್ಯಾಸಿನಿಂದ ತಣ್ಣಗಾಗುವ ಬಗೆಯದು, ಗಾಡಿ ಮಟ್ಟಸವಾಗಿ ನಿಲ್ಲದಿದ್ದರೆ ಸರಿಯಾಗಿ ತಣ್ಣಗಾಗುವುದಿಲ್ಲ. ಒಂದು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿದೆವು. ಹಾಲು ಒಡೆಯಿತು, ಮೊಸರು ಹುಳಿ ಬಂತು. ಅಮ್ಮ ಮಜ್ಜಿಗೆಹುಳಿ ಮಾಡಿ ಮುಗಿಸಿದರು.

ಇಷ್ಟೆಲ್ಲ ಬೈದರೂ ಆರ್‌ವಿ ಬಿಟ್ಟುಕೊಡಲು ಮನಸ್ಸಾಗದೇ ಇರುವುದಕ್ಕೆ ಕಾರಣ ಅದೇ ಕಕ್ಕಸು.

ಮೊದಲ ಪ್ರವಾಸದಲ್ಲಿ ಪೇಜ್‌ನಿಂದ ಕಯೆಂಟಾ ಊರಿನ ಕಡೆಗೆ ಹೋಗುವಾಗ ಮಾವ ನೀರನ್ನೇ ಕುಡಿಯುತ್ತಿರಲಿಲ್ಲ. ನಮಗೆ ಗೊತ್ತೇ ಆಗಲಿಲ್ಲ. ಸುಮಾರು 100 ಮೈಲಿ ದಾರಿ, ನಡುವೆ ಕೆಂಪು ಮಣ್ಣು, ಬಂಡೆ, ಅಲ್ಲೊಂದು ಇಲ್ಲೊಂದು ಮನೆ. ಪೊದೆ ಕೂಡ ಮೊಣಕಾಲೆತ್ತರ, ಮರೆಗೆ ಹೋಗೋಣ ಅಂದರೆ ಮರೆಯೇ ಇಲ್ಲ. ಮಾವನಿಗೆ ಸಕ್ಕರೆ ಕಾಯಿಲೆ ಬೇರೆ. ಪದೇ ಪದೇ ಗಾಡಿ ನಿಲ್ಲಿಸಿ ಅನ್ನಲು ಸಂಕೋಚ. ಅದಕ್ಕೆ ಬೆಳಿಗ್ಗೆ ಕಾಫಿಯನ್ನೂ ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು ಬಂತು. ಮರುಭೂಮಿಯ ಗಾಳಿ ಒಣ, ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಎಷ್ಟು ನೀರು ಕಳೆದುಕೊಂಡೆವು ಅಂತ ಗೊತ್ತೇ ಆಗುವುದಿಲ್ಲ. ಸೀಟು ಹಿಂದಕ್ಕೆ ಚಾಚಿ ಮಲಗಿಸಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಆಮೇಲೆ ಮೆಲ್ಲಗೆ ವಿಷಯ ಹೇಳಿದರು. ನನಗೆ ನಮ್ಮ ಮೇಲೇ ಸಿಟ್ಟು ಬಂತು.

ಅದೇ ದಾರಿಯಲ್ಲಿ ಜೂನ್‌ನಲ್ಲಿ ಅಪ್ಪ ಲೋಟಗಟ್ಟಲೆ ಮಜ್ಜಿಗೆ ಕುಡಿಯುತ್ತಾ ಬಂದರು. ಹೊರಗೆ 39 ಡಿಗ್ರಿ. ಬೇಕೆಂದಾಗ ರಸ್ತೆ ಬದಿಗೆ ನಿಲ್ಲಿಸಿದರೆ ಎರಡೇ ನಿಮಿಷದ ಕೆಲಸ. ಈ ಒಂದು ವಿಷಯದಲ್ಲಿ ಮಿನಿವ್ಯಾನ್ ಎದುರು ನಿಲ್ಲಲಾರದು.

ಅದರ ಬೆಲೆ ತೆತ್ತವರು ನನ್ನ ಗಂಡ. ಎರಡು ದಿನಕ್ಕೊಮ್ಮೆ ಆ ಟ್ಯಾಂಕ್ ಖಾಲಿ ಮಾಡಬೇಕಲ್ಲ. ಕೈಗವಸು ಹಾಕಿಕೊಂಡು, ದಪ್ಪ ಪೈಪು ಜೋಡಿಸಿ, ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಪಾತ್ರೆ ತೊಳೆದ ನೀರಿನ ಟ್ಯಾಂಕು. ಈ ಕ್ರಮದಲ್ಲಿ ಬಿಟ್ಟರೆ ಎರಡನೆಯ ನೀರು ಪೈಪನ್ನು ತೊಳೆಯುತ್ತದೆ. ಬಾಡಿಗೆಗೆ ಬಂದ ಕೈಗವಸು ಮೊದಲ ದಿನವೇ ಹರಿಯಿತು. ಅಪ್ಪ ದೂರ ನಿಂತು ನೋಡಿದರು. "ಅಳಿಯಂದಿರಿಗೆ ಕಂಪ್ಯೂಟರ್ ಕೆಲಸ ಅಂದಿದ್ರಲ್ಲ" ಅಂದರು.

ಇನ್ನು ರಸ್ತೆ. ಇಲ್ಲಿ ಮಿನಿವ್ಯಾನ್ ರಾಜ. ಝಯಾನ್‌ನಿಂದ ಪೂರ್ವಕ್ಕೆ ಹೋಗುವ ದಾರಿಯಲ್ಲಿ 1930ರಲ್ಲಿ ತೆರೆದ 1.1 ಮೈಲಿ ಸುರಂಗವಿದೆ. ಆಗಿನ ಕಾರುಗಳ ಅಳತೆಗೆ ಬಂಡೆ ಕೊರೆದದ್ದು. ಮಿನಿವ್ಯಾನ್‌ನಲ್ಲಿ ಸುಮ್ನೆ ಹೋಗಿಬಿಟ್ಟೆವು. ಬಂಡೆಯಲ್ಲಿ ಕಿಟಕಿಯ ಹಾಗೆ ಕೊರೆದ ಕಂಡಿಗಳಿಂದ ಬೆಳಕು ಬಂದಾಗಲೆಲ್ಲ ಮಕ್ಕಳು ಕೂಗಿದರು. ಆರ್‌ವಿಗೆ 15 ಡಾಲರ್ ಪರ್ಮಿಟ್ ತೆಗೆದುಕೊಳ್ಳಬೇಕಾಯಿತು. ಕಮಾನಿನ ಛಾವಣಿ ಬದಿಗೆ ತಗ್ಗು, ದೊಡ್ಡ ಗಾಡಿ ರಸ್ತೆಯ ನಟ್ಟನಡುವೆಯೇ ಹೋಗಬೇಕು. ಅದಕ್ಕೆ ಎದುರಿನ ಗಾಡಿಗಳನ್ನೆಲ್ಲ ನಿಲ್ಲಿಸುತ್ತಾರೆ. ಇವರು ಉಸಿರು ಬಿಗಿಹಿಡಿದು ಓಡಿಸಿದರು, ಒಳಗೆ ಯಾರೂ ಮಾತಾಡಲಿಲ್ಲ. ಈಗ ಹೋಗುವವರು ಪಾರ್ಕಿನ ವೆಬ್‌ಸೈಟ್ ನೋಡಿಕೊಂಡೇ ಹೊರಡಿ. 2026ರ ಮಧ್ಯದಿಂದ ದೊಡ್ಡ ಗಾಡಿಗಳನ್ನು ಈ ದಾರಿಯಲ್ಲಿ ಬಿಡುವುದಿಲ್ಲ ಎಂದು ಪ್ರಕಟಿಸಿದ್ದಾರೆ. ಬಿಡದಿದ್ದರೆ ಸುತ್ತು ದಾರಿಯೇ ಗತಿ. ಝಯಾನ್ ಕಣಿವೆಯ ಒಳಗಿನ ರಸ್ತೆಗೆ ಮಾತ್ರ ಈ ಭೇದವಿಲ್ಲ. ಬೇಸಿಗೆಯಲ್ಲಿ ಎಲ್ಲರೂ ಪಾರ್ಕಿನ ಪುಕ್ಕಟೆ ಬಸ್ಸೇ ಹತ್ತಬೇಕು.

ಮಾನ್ಯುಮೆಂಟ್ ವ್ಯಾಲಿಯಲ್ಲೂ ಮಿನಿವ್ಯಾನೇ ಗೆಲ್ಲಬಹುದು ಅಂದುಕೊಂಡಿದ್ದೆ. ಅದು ಅಲ್ಲಿಯ ಮೂಲನಿವಾಸಿಗಳಾದ ನವಾಹೋ ಜನರದೇ ಪಾರ್ಕ್, ರಾಷ್ಟ್ರೀಯ ಉದ್ಯಾನಗಳ ವರ್ಷದ ಪಾಸ್ ಅಲ್ಲಿ ನಡೆಯುವುದಿಲ್ಲ. ಒಳಗೆ 17 ಮೈಲಿ ಮಣ್ಣಿನ ರಸ್ತೆ, ಆರ್‌ವಿಗೆ ಪ್ರವೇಶವಿಲ್ಲ. ಮೊದಲ ಸಲ ಮಿನಿವ್ಯಾನ್‌ನಲ್ಲಿ ನಾವೇ ಇಳಿದೆವು. ಎರಡು ಕಡೆ ತಳ ಕಲ್ಲಿಗೆ ತಾಗಿ ಕರಕರ ಎಂದಿತು. ಅತ್ತೆ ಎಲ್ಲ ದೇವರನ್ನೂ ಕರೆದರು. ಬಂಡೆ ನೋಡುವುದಕ್ಕಿಂತ ಗುಂಡಿ ನೋಡಿದ್ದೇ ಜಾಸ್ತಿ. ಎರಡನೇ ಸಲ ಬೇರೆ ದಾರಿಯಿರಲಿಲ್ಲ, ಆರ್‌ವಿ ನಿಲ್ಲಿಸಿ ಸ್ಥಳೀಯ ಗೈಡ್ ಒಬ್ಬರ ತೆರೆದ ಟ್ರಕ್ ಹತ್ತಿದೆವು. ದುಡ್ಡು ಹೋಯಿತು ನಿಜ. ಆದರೆ ಅವರ ಅಜ್ಜಿ ಕುರಿ ಮೇಯಿಸುತ್ತಿದ್ದ ಜಾಗ, ಗಾಳಿ ಕೊರೆದ ಕಮಾನು, ಮಣ್ಣು ಮೆತ್ತಿದ ಗುಂಡನೆಯ ಹೋಗನ್ ಮನೆ ಎಲ್ಲ ತೋರಿಸುತ್ತಾ ಹೋದರು. ಹೋಗನ್ ಬಾಗಿಲು ಯಾವಾಗಲೂ ಪೂರ್ವಕ್ಕೆ ಅಂದಾಗ ಅಪ್ಪ ಹಿಂದಿರುಗಿ ಅಮ್ಮನ ಕಡೆ ನೋಡಿದರು. ನಮ್ಮ ಸಾಗರದ ಮನೆ ಕಟ್ಟುವಾಗ ಅದೇ ವಿಷಯಕ್ಕೆ ಎಷ್ಟು ಜಗಳವಾಗಿತ್ತು! ಗಾಡಿಗೆ ಪ್ರವೇಶವಿಲ್ಲದ್ದೇ ಒಳ್ಳೆಯದಾಯಿತು.

ಗಡಿಯಾರದ ಕಥೆಯನ್ನೂ ಹೇಳಬೇಕು. ಬೇಸಿಗೆಯಲ್ಲಿ ಯೂಟಾ ರಾಜ್ಯ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತದೆ, ಅರಿಜೋನಾ ಇಡುವುದಿಲ್ಲ. ಅರಿಜೋನಾದ ಒಳಗೇ ಇರುವ ನವಾಹೋ ಸೀಮೆ ಮತ್ತೆ ಇಡುತ್ತದೆ. ಫೋನು ಯಾವ ಟವರ್ ಹಿಡಿದರೆ ಆ ಹೊತ್ತು ತೋರಿಸುತ್ತದೆ. ಅರಿಜೋನಾದ ಹೊತ್ತಿಗೆ ನಡೆಯುವ ಪೇಜ್‌ನ ಆಂಟಿಲೋಪ್ ಕ್ಯಾನ್ಯನ್ ಟೂರಿಗೆ ಎರಡು ಸಲವೂ ನಾವು ಒಂದು ಗಂಟೆ ಮುಂಚೆಯೇ ಹೋಗಿ ಕೂತೆವು. ಹೌದು, ಎರಡು ಸಲವೂ. ಮಿನಿವ್ಯಾನ್‌ನಲ್ಲಿ ಆ ಒಂದು ಗಂಟೆ ಮಕ್ಕಳ ಜಗಳ ಬಿಡಿಸಿದ್ದು. ಆರ್‌ವಿಯಲ್ಲಿ ಫಿಲ್ಟರ್ ಕಾಫಿ ಇಳಿಯಿತು, ಅಪ್ಪ ಒಂದು ನಿದ್ದೆ ತೆಗೆದರು.

ರಾತ್ರಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಮೋಟೆಲ್‌ನಲ್ಲಿ ಏಳು ಗಂಟೆಗೆ ಬಾಗಿಲು ಹಾಕಿಕೊಂಡು ಟಿವಿ ಹಚ್ಚುತ್ತಿದ್ದೆವು. ಬ್ರೈಸ್ ಕ್ಯಾಂಪಿನಲ್ಲಿ ಅಪ್ಪ ಮಕ್ಕಳಿಬ್ಬರನ್ನೂ ಕಂಬಳಿ ಹೊದಿಸಿ ಹೊರಗೆ ಕೂರಿಸಿದರು. ಸಪ್ತರ್ಷಿ ಮಂಡಲ ತೋರಿಸಿದರು, ವಸಿಷ್ಠನ ಪಕ್ಕದಲ್ಲಿ ಅರುಂಧತಿ ಕಾಣ್ತಾಳಾ ಅಂತ ಕೇಳಿದರು. ನಮ್ಮ ಮದುವೆಯಲ್ಲಿ ಪುರೋಹಿತರು ಹಗಲಲ್ಲಿ ಬೆರಳು ತೋರಿಸಿದ್ದು ಬಿಟ್ಟರೆ ನಾನೂ ಅವಳನ್ನು ನೋಡಿದ್ದು ಅಂದೇ. ನಿದ್ದೆಯ ವಿಷಯ ಕೇಳಬೇಡಿ. ಮೇಲಿನ ಅಟ್ಟದಲ್ಲಿ ಮಗಳು ಹೊರಳಿದರೆ ಇಡೀ ಮನೆ ಅಲುಗುತ್ತದೆ.

ಓಡುವಾಗಿನ ಹರಟೆ ಬೇಕೆಂದರೆ ಮಿನಿವ್ಯಾನೇ ಸರಿ. ಅದರಲ್ಲಿ ಒಬ್ಬರ ಮಾತು ಆರು ಜನರ ಕಿವಿಗೂ ಬೀಳುತ್ತದೆ. ಮಾವ ಹೇಳಿದ ಶಿರಾ ಬಸ್‌ಸ್ಟ್ಯಾಂಡಿನ ಕಥೆ ಕೊನೆ ಸೀಟಿಗೂ ಕೇಳುತ್ತದೆ. ಆರ್‌ವಿಯಲ್ಲಿ ಪಾತ್ರೆಗಳೇ ಮಾತಾಡುತ್ತವೆ. ಮುಂದೆ ಕೂತ ನಮಗೆ ಹಿಂದೆ ನಕ್ಕದ್ದು ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಮೂರನೇ ಸಲಕ್ಕೆ ನನ್ನ ಲೆಕ್ಕ ಹೀಗಿತ್ತು: ಮಿನಿವ್ಯಾನ್, ಡಿಕ್ಕಿಯಲ್ಲಿ ಪ್ರೆಶರ್ ಕುಕ್ಕರ್ ಮತ್ತು ಗ್ಯಾಸ್ ಒಲೆ, ಬ್ರೈಸ್‌ನಲ್ಲಿ ಹೊರಗೆ ಕೂರಲು ಅಂಗಳವಿರುವ ಕ್ಯಾಬಿನ್. ಯಾರು ಕೇಳಲಿ ಬಿಡಲಿ, ಟಾಯ್ಲೆಟ್ ಕಂಡಲ್ಲೆಲ್ಲ ಒಂದು ನಿಲುಗಡೆ. ಗ್ರ್ಯಾಂಡ್ ಕ್ಯಾನ್ಯನ್ ಒಳಗೇ ತಂಗುವುದಾದರೆ ಬಹಳ ಮೊದಲೇ ಬುಕಿಂಗ್. ಅಲ್ಲಿಯ ಮೇದರ್ ಕ್ಯಾಂಪಿಗೆ ಆರು ತಿಂಗಳ ಮುಂಚೆ ನಾನು ಬೆಳಿಗ್ಗೆಯೇ ಕಂಪ್ಯೂಟರ್ ಮುಂದೆ ಕೂತಿದ್ದೆ. 2026ರಿಂದ ವಿದೇಶದಿಂದ ಬರುವವರಿಗೆ ಪಾರ್ಕಿನ ದರವೇ ಬೇರೆ, ಅದನ್ನೂ ನೋಡಿಕೊಳ್ಳಬೇಕು.

ಇದನ್ನೆಲ್ಲ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಅಷ್ಟರಲ್ಲಿ ಅಮ್ಮ ಆರ್‌ವಿ ಮುಂದೆ ನಿಂತು ಒಗ್ಗರಣೆ ಹಾಕುವ ಫೋಟೊ ಹೇಗೋ ತುಮಕೂರು ಮುಟ್ಟಿತು. ಅತ್ತೆ ಫೋನ್ ಮಾಡಿದರು. "ಏನಮ್ಮ, ನಿಮ್ಮಮ್ಮ ಬಂದ್ರೆ ಮನೆ ಥರದ ಗಾಡಿ, ನಾವು ಬಂದ್ರೆ ಬರೀ ಕಾರಾ?"

ಅವರು ಮತ್ತೆ ಬರಲಿದ್ದಾರೆ. ಇವರು ಆಗಲೇ ಗಟ್ಟಿಮುಟ್ಟಾದ ಕೈಗವಸು ಹುಡುಕುತ್ತಿದ್ದಾರೆ.