ಮೀನಿನ ತೊಟ್ಟಿಗೆ ಹಾಕಿದ ಹಕ್ಕಿ ಬಲೆ: ಮೂರು ತಿಂಗಳಾದ ಮೇಲೆ

ಕುವೆಂಪುನಗರದ ನಮ್ಮ ಹಿತ್ತಲಲ್ಲಿ 6 ಅಡಿ ಉದ್ದದ ಸಿಮೆಂಟ್ ತೊಟ್ಟಿ ಇದೆ. 12 ಗೋಲ್ಡ್ ಫಿಶ್ ಬಿಟ್ಟಿದ್ದೆ, ಎರಡೇ ವಾರಕ್ಕೆ 7 ಉಳಿದವು. ಪಕ್ಕದ ಮನೆ ಬೆಕ್ಕನ್ನು ಸುಮ್ನೆ ಬೈದಿದ್ದೇ ಬಂತು. ಒಂದು ಬೆಳಿಗ್ಗೆ ಕ್ಯಾಮೆರಾ ಹಿಡಿದು ಕಿಟಕಿ ಹಿಂದೆ ಕೂತೆ, ನೋಡಿದರೆ ಕಳ್ಳ ಕೊಳದ ಬಕ! ಮಣ್ಣಿನ ಬಣ್ಣದ ಮೈ, ತೊಟ್ಟಿಯ ಅಂಚಲ್ಲಿ ಕಲ್ಲಿನ ಹಾಗೆ ನಿಂತಿತ್ತು, ಹಾರಿದಾಗ ಮಾತ್ರ ಬೆಳ್ಳಗಿನ ರೆಕ್ಕೆ ಬಿಚ್ಚಿಕೊಂಡಿತು. ಕುಕ್ಕರಹಳ್ಳಿ ಕೆರೆಯಲ್ಲಿ ಎಷ್ಟೋ ದಿನ ಕಾದರೂ ಸಿಗದ ಫೋಟೋ ಮನೆಯಲ್ಲೇ ಸಿಕ್ಕಿತು. ಬೆಲೆ 5 ಮೀನು!

ಮೊದಲು ಮಾರ್ಕೆಟ್ ಹತ್ತಿರದ ಅಂಗಡಿಯಿಂದ ತೆಳು ನೈಲಾನ್ ಬಲೆ ತಂದೆ. ಅದನ್ನು ದಯವಿಟ್ಟು ತರಬೇಡಿ. ಎಳೆ ಕಣ್ಣಿಗೇ ಕಾಣಲ್ಲ, ಸಡಿಲವಾಗಿ ಜೋಲುತ್ತದೆ, ಮೂರನೇ ದಿನವೇ ಒಂದು ಮಿಂಚುಳ್ಳಿಯ ಕಾಲು ಸಿಕ್ಕಿಕೊಂಡು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ಬಿಡಿಸಬೇಕಾಯಿತು, ನನ್ನ ಕೈ ನಡುಗುತ್ತಿತ್ತು. ವಾಪಸ್ ತಗೊಳ್ಳಿ ಅಂದರೆ ಅಂಗಡಿಯವರು ಕತ್ತರಿಸಿದ ಮಾಲು ಬೇಡ ಅಂದರು.

ಆಮೇಲೆ ತಂದಿದ್ದು ದಪ್ಪ ಎಳೆಯ ಕಪ್ಪು ಬಲೆ. ಬೆಲೆ ಜಾಸ್ತಿ, ಆದರೆ ಚೆನ್ನಾಗಿದೆ. ಪೈಪಿನ ಚೌಕಟ್ಟಿಗೆ ಡೋಲಿನ ಚರ್ಮದ ಹಾಗೆ ಬಿಗಿದು, ನೀರಿಗಿಂತ ಒಂದು ಅಡಿ ಮೇಲೆ ಇಟ್ಟಿದ್ದೇನೆ. ಒಂದೇ ಕಿರಿಕಿರಿ, ಸಂಪಿಗೆ ಎಲೆ ಬಿದ್ದು ತುಂಬಿಕೊಳ್ಳುತ್ತದೆ, ವಾರಕ್ಕೊಮ್ಮೆ ಗುಡಿಸಬೇಕು. ಐದಕ್ಕೆ ನಾಲ್ಕು ಸ್ಟಾರ್. 7 ಮೀನೂ ಇವೆ. ಬಕ ಈಗಲೂ ಬಂದು ಕಾಂಪೌಂಡ್ ಮೇಲೆ ಕೂರುತ್ತದೆ, ಫೋಟೋಗೆ ತೊಂದರೆ ಇಲ್ಲ.